ದಾಸವಾಳದ ಸಾಲು

ಗಣಪತಿಯ ಕಿವಿಯ ಹಿಂದೆ ದಾಸವಾಳ ಸಿಕ್ಕಿಸಲು ಹೋದ ಮುರಳೀಕೃಷ್ಣ ಕೈ ಹಿಂದಕ್ಕೆ ತೆಗೆದುಕೊಂಡು, ಹೂವನ್ನು ದೀಪದ ಹತ್ತಿರ ಹಿಡಿದು ಅದರ ಒಳಗೆ ನೋಡಿದ. ಏನೂ ಇರಲಿಲ್ಲ. ಗಿಡದಲ್ಲಿ ಕೀಳುವಾಗ ನೋಡಿದ್ದ, ಬುಟ್ಟಿಗೆ ಹಾಕುವಾಗ ನೋಡಿದ್ದ, ಗರ್ಭಗುಡಿಗೆ ತಂದು ತಟ್ಟೆಗೆ ಸುರಿಯುವಾಗಲೂ ನೋಡಿದ್ದ. ಆದರೂ ಮನಸ್ಸು ಒಪ್ಪಲಿಲ್ಲ. ಎಸಳುಗಳನ್ನು ಬೆರಳ ತುದಿಯಿಂದ ಅಗಲಿಸಿ, ಕೇಸರದ ಬುಡದವರೆಗೂ ಕಣ್ಣು ಹಾಯಿಸಿ, ಆಮೇಲೆ ಸಿಕ್ಕಿಸಿದ. ಹೊರಗೆ ಕಂಬಕ್ಕೊರಗಿ ಕೂತಿದ್ದ ನಂಜಪ್ಪನವರು ಕೆಮ್ಮಿದರು. "ಏನ್ ಸಾಮಿ, ಊವ್ನಾಗೆ ಏನ್ ಉಡುಕ್ತಾ ಇದ್ದೀರಿ?" "ಏನಿಲ್ಲ, ಇರುವೆ" ಎಂದ. ಇಷ್ಟು ಸಣ್ಣ ಸುಳ್ಳು ಯಾಕೆ ಬೇಕಿತ್ತು ಎಂದು ಕಸಿವಿಸಿಯಾಯಿತು. ಮಂತ್ರ ಎಲ್ಲಿಗೆ ನಿಂತಿತ್ತೆಂಬುದು ಮರೆತುಹೋಗಿ, ಮತ್ತೆ ಮೊದಲಿನಿಂದ ಶುರುಮಾಡಿದ.

ಸಾಮಿ ಎಂಬ ಮಾತು ಅವನಿಗೆ ಇನ್ನೂ ಹೊಸದು. ಶ್ರಾವಣ ಹುಟ್ಟುವವರೆಗೂ ನಂಜಪ್ಪನವರು ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು, ಅಷ್ಟೆ. ಅಗ್ರಹಾರದ ಕೊನೆಯ ಈ ಗಣಪತಿ ಗುಡಿಯ ಪೂಜೆ ಅವನ ದೊಡ್ಡಪ್ಪನ ಮನೆಯವರದು. ದೊಡ್ಡಪ್ಪನ ಕಾಲ ಮುಗಿದ ಮೇಲೆ ಅವರ ಮಗ ಲಕ್ಷ್ಮೀನರಸಿಂಹನದು. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಜಮೀನಿದ್ದು, ವಯಸ್ಸಾದ ಮೇಲೆ ಪೇಟೆಯ ಮನೆಗೆ ಬಂದು ನೆಲೆಸಿದ ನಂಜಪ್ಪನವರು ಗುಡಿಯ ಸಮಿತಿಗೆ ಹಿರಿಯರು. ಶ್ರಾವಣದ ಮೊದಲಲ್ಲಿ ಒಂದು ಸಂಜೆ ಜಗಲಿಯ ಮೇಲೆ ಮಾತು ಎತ್ತಿದವರೂ ಅವರೇ. ಕೆಟ್ಟ ಮನಸ್ಸಿನಿಂದ ಎತ್ತಿದ್ದಲ್ಲ. ಲಕ್ಷ್ಮೀನರಸಿಂಹಣ್ಣನ ಮುಂಗೈ ತುಂಬ ಬೊಕ್ಕೆಗಳೆದ್ದಿದ್ದವು, ಬಿಸಿ ಎಣ್ಣೆ ಸಿಡಿದವರ ಹಾಗೆ. ಕುತ್ತಿಗೆಯ ಮೇಲೊಂದು ಸಾಲು. ಒಡೆದ ಕಡೆ ಹಸಿ ಕೆಂಪು. ತೀರ್ಥ ಕೊಡಲು ಆ ಕೈ ಚಾಚಿದಾಗ ಒಬ್ಬಳು ಹೆಂಗಸು ತನ್ನ ಕೂಸನ್ನು ಹಿಂದಕ್ಕೆ ಎಳೆದುಕೊಂಡಿದ್ದಳಂತೆ. "ತಪ್ ತಿಳ್ಕಬ್ಯಾಡಿ ಸಾಮಿ. ಆ ಕೈ ನೋಡುದ್ರೆ ನಂಗೂ ಎದೆ ಝಲ್ ಅಂತದೆ. ಮಕ್ಳುಮರಿ ಬತ್ತವೆ, ತೀರ್ಥ ತಕ್ಕತ್ತವೆ. ಗುಣ ಆಗೋಗಂಟ ಮೇಷ್ಟ್ರು ಪೂಜೆ ಮಾಡ್ಲಿ ಬುಡಿ." ಯಾರೋ ಸರ್ಪಸುತ್ತು ಎಂದರು. ಇನ್ಯಾರೋ ಅದಕ್ಕಿಂತ ದೊಡ್ಡ ರೋಗದ ಹೆಸರನ್ನು ಬಾಯಲ್ಲೇ ಉಳಿಸಿಕೊಂಡು ಸುಮ್ಮನಾದರು. ಆಗ ಅಣ್ಣ ಎಲ್ಲರನ್ನೂ ಬಿಟ್ಟು ಇವನ ಕಡೆ ತಿರುಗಿ ಕೈ ನೀಡಿದ್ದ. "ನೀನು ಓದಿದೋನು. ನೋಡೋ, ಏನಿದು?"

ಮುರಳಿ ಆ ಕೈ ಹಿಡಿದು ನೋಡಿದ್ದ. ಮೊಣಕೈ ಮಡಿಸುವ ಕಡೆ, ಮಡಿಕೆಯ ಮೇಲೊಂದು, ಕೆಳಗೊಂದು ಬೊಕ್ಕೆ, ಒಂದರ ಅಚ್ಚು ಇನ್ನೊಂದರ ಮೇಲೆ ಬಿದ್ದ ಹಾಗೆ. ಅಷ್ಟು ಸಾಕಾಗಿತ್ತು. ಗುಡಿಯ ಹಿಂದಿನ ದಾಸವಾಳದ ಸಾಲಿನಲ್ಲಿ ಆ ಹುಳಗಳನ್ನು ಅವನು ಕಂಡಿದ್ದ. ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದ, ಕಪ್ಪು ಮೈ, ಬೆನ್ನಿಗೆ ಅಡ್ಡಲಾಗಿ ಕಿತ್ತಳೆ ಪಟ್ಟೆ. ಹೂವಿನೊಳಗೆ ತಲೆ ಹುದುಗಿಸಿ ಎಸಳು ತಿನ್ನುವ ದುಂಬಿ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ, ಕಾಲಿನ ಗಂಟುಗಳಿಂದ ಹಳದಿ ರಸ ಬಿಡುತ್ತದೆ. ಆ ರಸ ತಾಗಿದ ಕಡೆ ಮರುದಿನ ಚರ್ಮ ಬೊಕ್ಕೆಯೇಳುತ್ತದೆ. ಬಿ.ಎಸ್ಸಿ.ಯಲ್ಲಿದ್ದಾಗ ಇದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದ. ಅಣ್ಣ ಬೆಳಗಿನ ಜಾವ ಮಡಿಯಲ್ಲಿ, ಬರಿ ಮೈಯಲ್ಲಿ ಹೂ ಕಿತ್ತು, ಬುಟ್ಟಿ ತುಂಬಿದ ಮೇಲೆ ಉಳಿದವನ್ನು ಮೊಣಕೈ ಮಡಿಕೆಯಲ್ಲಿ ಅವುಚಿಕೊಂಡು ಬರುತ್ತಿದ್ದ. ಎಲ್ಲವೂ ಒಂದೇ ಗಳಿಗೆಯಲ್ಲಿ ಹೊಳೆದಿತ್ತು. ಹೇಳಲು ಬಾಯಿ ತೆರೆದೂ ಇದ್ದ. ಆದರೆ ನಂಜಪ್ಪನವರ "ಮೇಷ್ಟ್ರು ಪೂಜೆ ಮಾಡ್ಲಿ" ಎಂಬ ಮಾತು ಕಿವಿಯೊಳಗೆ ಇನ್ನೂ ಆರಿರಲಿಲ್ಲ. "ಡಾಕ್ಟರಿಗೆ ತೋರಿಸೋದು ಒಳ್ಳೇದು ಅಣ್ಣ" ಎಂದಿದ್ದ. ಅದು ಸುಳ್ಳಲ್ಲ. ಅಂದಿನಿಂದ ಆ ವಾಕ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ, ಎಲ್ಲಿಂದ ನೋಡಿದರೂ ಸುಳ್ಳಲ್ಲ.

ಮಂಗಳಾರತಿ ಎತ್ತಿದ. ಬೆಂಕಿಯ ಬೆಳಕಿಗೆ ಎಣ್ಣೆ ಮೆತ್ತಿದ ಕಲ್ಲಿನ ಹೊಟ್ಟೆ ಮಿನುಗಿತು. ಒಳಗಿನ ಈ ಬೆಚ್ಚಗಿನ ಕತ್ತಲು, ಬತ್ತಿಯ ಕಮಟು, ಬರಿಗಾಲಿಗೆ ತಾಗುವ ಒದ್ದೆ ಕಲ್ಲು. ದೇವರಿದ್ದಾನೆಯೇ ಎಂದು ಯಾರಾದರೂ ಕೇಳಿದರೆ ಅವನು ಉತ್ತರ ಹೇಳಲಾರ. ಆದರೆ ಈ ಜಾಗ ಇದೆ. ಅಪ್ಪ ಪೂಜೆ ಬಿಟ್ಟು ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದ. ರಜೆಗೆ ಇಲ್ಲಿಗೆ ಬಂದರೆ ದೊಡ್ಡಪ್ಪ ಇವನನ್ನು ಹೊಸ್ತಿಲಿನ ಆಚೆಗೇ ನಿಲ್ಲಿಸುತ್ತಿದ್ದರು. ಒಮ್ಮೆ ಎಲ್ಲರ ಮುಂದೆ ಅಥರ್ವಶೀರ್ಷ ಹೇಳು ಎಂದರು. ನಡುವೆ ಒಂದು ಸಾಲು ತಪ್ಪಿ ಹಿಂದಿನದೇ ಮತ್ತೆ ಬಂದಾಗ, "ಗುಮಾಸ್ತನ ಮಗ, ಒಂದೇ ಫೈಲನ್ನ ಎರಡು ಸಲ ತೆಗೀತಾನೆ" ಎಂದು ನಕ್ಕರು. ನವರಂಗವೆಲ್ಲ ನಕ್ಕಿತು. ನಗದೆ ನಿಂತಿದ್ದವನು ಲಕ್ಷ್ಮೀನರಸಿಂಹಣ್ಣ ಒಬ್ಬನೇ. ಅವನೂ ನಕ್ಕಿದ್ದರೆ ಈಗ ಎಷ್ಟು ಸುಲಭವಾಗುತ್ತಿತ್ತು ಎಂದುಕೊಂಡ ಮುರಳಿ, ಆರತಿ ತಟ್ಟೆಯನ್ನು ಹೊರಗೆ ತಂದ. ನಂಜಪ್ಪನವರು ಎದ್ದು, ಎರಡು ಕೈಯನ್ನೂ ಬೆಂಕಿಗೆ ಒಡ್ಡಿ ಕಣ್ಣಿಗೊತ್ತಿಕೊಂಡು, ತಲೆ ಬಾಗಿಸಿದರು. "ನಾಡಿದ್ದು ಚೌತಿ ಸಾಮಿ. ಜೋರಾಗ್ ಮಾಡ್ಬೇಕು. ನೀವೇಯ."

ಹಿತ್ತಲ ಬಾಗಿಲಿನಿಂದ ಇಳಿದಾಗ ಅಣ್ಣ ತೋಟದಲ್ಲಿದ್ದ. ಒಳಗೆ ಬಿಡದಿದ್ದರೇನಂತೆ, ಗಿಡಕ್ಕೆ ನೀರಾದರೂ ಹಾಕುತ್ತೇನೆ ಎಂದು ಅವನು ದಿನವೂ ಬರುತ್ತಿದ್ದ. ಬರಿ ನೀರು ಹಾಕಿ ಹೋಗಿದ್ದರೆ ಇಷ್ಟು ಹೊತ್ತಿಗೆ ಬೊಕ್ಕೆಗಳು ಒಣಗಿಹೋಗುತ್ತಿದ್ದವು. ಆದರೆ ಹುಳಗಳು ದೇವರ ಹೂವು ತಿನ್ನುವುದನ್ನು ನೋಡಿ ಅವನಿಗೆ ತಡೆಯುತ್ತಿರಲಿಲ್ಲ. ಒಂದೊಂದನ್ನೇ ಹೂವಿನಿಂದ ಎತ್ತಿ, ಎರಡು ಬೆರಳ ನಡುವೆ ಹೊಸಕಿ, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. "ಚೌತಿಗೆ ಒಂದು ಹೂವೂ ಉಳಿಸಲ್ಲ ಕಣೋ ಇವು" ಎಂದ, ಮುರಳಿಯನ್ನು ನೋಡಿ. ಅವನ ಬೆರಳುಗಳ ಸಂದಿಯಲ್ಲಿ ಹೊಸ ಬೊಕ್ಕೆಗಳು. "ಬಿಡು ಅಣ್ಣ, ಕೈ ಮೊದಲೇ ಹೀಗಿದೆ, ಮನೇಲಿ ಸುಮ್ಮನೆ ಕೂತ್ಕೋ" ಎಂದು ಮುರಳಿ ಬೇಗಬೇಗ ಹೇಳಿದ. ಅದೂ ಸುಳ್ಳಲ್ಲ. "ಸುಮ್ಮನೆ ಕೂತರೆ ತಲೆ ಕೆಡತ್ತೆ. ಬೆಳಿಗ್ಗೆ ಎದ್ದು ಮಡಿ ಉಟ್ಟು ಎಲ್ಲಿಗೆ ಹೋಗೋದು ಗೊತ್ತಾಗಲ್ಲ" ಎಂದು ಅಣ್ಣ ನಕ್ಕು, ಇನ್ನೊಂದು ಹುಳ ಎತ್ತಿದ. ಮುರಳಿ ಮುಖ ತಿರುಗಿಸಿ ಸೈಕಲ್ಲು ಹತ್ತಿದ. ಬೆಳಗಿನ ಜಾವ ಇದೇ ಸಾಲಿನಲ್ಲಿ ತಾನು ಬಲಗೈಗೆ ಬಟ್ಟೆ ಸುತ್ತಿಕೊಂಡು, ಕಡ್ಡಿಯಿಂದ ತೊಟ್ಟು ತಟ್ಟಿ ಹುಳ ಉದುರಿಸಿ ಹೂ ಕೀಳುತ್ತಿದ್ದುದು ನೆನಪಾಗಿ ಮೈ ಮುದುರಿತು. ಮೊನ್ನೆ ಅತ್ತಿಗೆ ರಂಗನಾಯಕಿ ಬಾವಿಕಟ್ಟೆಯಿಂದ ಕೇಳಿದ್ದಳು. "ಕೈಗೇನೋ ಮುರಳಿ, ಬಟ್ಟೆ?" ಮುಳ್ಳು ಅತ್ತಿಗೆ ಎಂದಿದ್ದ. "ದಾಸವಾಳದಲ್ಲಿ ಮುಳ್ಳೆಲ್ಲಿದೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಅವಳು ಕೊಡ ಎತ್ತಿಕೊಂಡು ಒಳಗೆ ಹೋಗಿದ್ದಳು.

ಮನೆಯಲ್ಲಿ ಹೆಂಡತಿ ಹಂಸ ಚೌತಿಗೆ ತಾನು ಉಡುವ ಸೀರೆಯ ಮಾತಾಡಿದಳು. ಗುಡಿಯಲ್ಲಿ ಈಗ ಹೆಂಗಸರು ತನಗೆ ಮುಂದೆ ಜಾಗ ಬಿಡುತ್ತಾರೆ ಎಂದಳು. ಅವಳ ಸಂತೋಷ ಅವನಿಗೆ ಅಂಗಿಯೊಳಗೆ ಹೊಕ್ಕ ಕಸದ ಹಾಗೆ ಚುಚ್ಚಿತು. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟೆದ್ದ. ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಬೆಳಕಿನ ಪ್ರತಿಫಲನ ಹೇಳುತ್ತ, ಬೋರ್ಡಿನ ಮೇಲೆ ಕನ್ನಡಿಯ ಗೆರೆ ಎಳೆದು, ಅದರ ಈಚೆಗೊಂದು ಚುಕ್ಕೆ, ಆಚೆಗೊಂದು ಚುಕ್ಕೆ ಇಟ್ಟ ಮೇಲೆ ಸೀಮೆಸುಣ್ಣ ಮುಂದೆ ಹೋಗಲಿಲ್ಲ. ಮಡಿಕೆಯ ಮೇಲೊಂದು, ಕೆಳಗೊಂದು. ಮಕ್ಕಳು ಕಾದರು. ಇವತ್ತು ಸಂಜೆ ಹೇಳಿಬಿಡಬೇಕು. ಸಂಜೆ ಬೇಡ, ಚೌತಿ ಕಳೆಯಲಿ, ಒಂದೇ ಒಂದು ಚೌತಿ, ಆಮೇಲೆ ಜನ್ಮಪೂರ್ತಿ ಅಣ್ಣನೇ ಮಾಡಲಿ, ಯಾರಿಗೆ ಏನು ನಷ್ಟ? ಬೊಕ್ಕೆ ತಾನೆ, ಮಾಯುತ್ತದೆ. ಯಾರೂ ಸಾಯುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಜವಾನ ಬಾಗಿಲಲ್ಲಿ ನಿಂತು, ಅಣ್ಣನ ಮನೆಯಿಂದ ಹೇಳಿಕಳಿಸಿದ್ದಾರೆ, ಕೂಡಲೇ ಬರಬೇಕಂತೆ ಎಂದ.

ಅಣ್ಣ ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಬಲಗಣ್ಣು ಇರಲೇ ಇಲ್ಲ. ಅದರ ಜಾಗದಲ್ಲಿ ಊದಿದ ಕೆಂಪು ಉಂಡೆ, ರೆಪ್ಪೆಯ ಅಂಚಿಂದ ನೀರು ಸೋರಿ ಕಿವಿಯವರೆಗೆ ಹರಿದಿತ್ತು. ಬೆವರು ಒರೆಸಿಕೊಳ್ಳುವಾಗ ಕಣ್ಣು ಉಜ್ಜಿಕೊಂಡನಂತೆ, ತೋಟದಲ್ಲಿ. ಮೊದಲು ಉರಿ ಎಂದನಂತೆ, ಆಮೇಲೆ ಕೂಗತೊಡಗಿದನಂತೆ. ರಂಗನಾಯಕಿ ಪಕ್ಕದಲ್ಲಿ ಕೂತಿದ್ದಳು. ಅವಳ ಕೈಯಲ್ಲಿ ಹರಳೆಣ್ಣೆಯ ಬಟ್ಟಲು. "ತಂಪಾಗಲಿ ಅಂತ ಆಗಿನಿಂದ ಬಿಡ್ತಾ ಇದೀನಿ, ಜಾಸ್ತಿನೇ ಆಗ್ತಿದೆ ಮುರಳಿ" ಎಂದಳು. ಮುರಳಿ ಬಟ್ಟಲನ್ನು ಅವಳ ಕೈಯಿಂದ ಕಿತ್ತುಕೊಂಡ ರಭಸಕ್ಕೆ ಎಣ್ಣೆ ಚಾಪೆಯ ಮೇಲೆ ಚೆಲ್ಲಿತು. "ಎಣ್ಣೆ ಹಾಕಬೇಡಿ! ನೀರು, ನೀರು ತನ್ನಿ!" ಅವಳು ಅವನನ್ನು ಒಂದು ಕ್ಷಣ ನೋಡಿ ನೀರಿಗೆ ಓಡಿದಳು. ಮುರಳಿ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಚೊಂಬಿನಿಂದ ಸುರಿದೇ ಸುರಿದ. ಅಣ್ಣ ಮಗುವಿನ ಹಾಗೆ ಕಾಲು ಬಡಿದ. ತನ್ನ ಬಾಯಿಂದ ಆ ಹುಳದ ಹೆಸರು ಆಗಲಾದರೂ ಹೊರಡಬಹುದಿತ್ತು. ನೀರು ಸುರಿಯುತ್ತಿದ್ದೇನಲ್ಲ, ಅದು ಸಾಲದೇ ಎಂದು ಮನಸ್ಸು ಹೇಳುತ್ತಿತ್ತು.

ಹಾಸನದ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಅಣ್ಣ ಕಿಟಕಿಗೆ, ಒದ್ದೆ ಬಟ್ಟೆ ಕಣ್ಣಿಗೆ ಒತ್ತಿಕೊಂಡು. ನಡುವೆ ರಂಗನಾಯಕಿ. ಚೌತಿಗೆ ಊರಿಗೆ ಹೊರಟವರ ಚೀಲಗಳು, ಬಾಳೆಕಂದು, ಬಣ್ಣ ಇನ್ನೂ ವಾಸನೆ ಹೊಡೆಯುವ ಮಣ್ಣಿನ ಗಣಪತಿಗಳು. ಎದುರಿಗೆ ನಿಂತಿದ್ದವನೊಬ್ಬ ಅಣ್ಣನ ಕೈಯನ್ನು ಕಂಡು, ಜಾಗವಿಲ್ಲದಿದ್ದರೂ ಹಿಂದಕ್ಕೆ ಸರಿದ. ರಂಗನಾಯಕಿ ಸೆರಗನ್ನು ಎಳೆದು ಗಂಡನ ಕೈ ಮುಚ್ಚಿದಳು. ಹಾಗೆ ಮುಚ್ಚುವುದು ಅವಳಿಗೆ ರೂಢಿಯಾಗಿಹೋಗಿದೆ ಎಂಬುದು ಆ ಎಳೆತದಲ್ಲೇ ಗೊತ್ತಾಗುತ್ತಿತ್ತು. ಮದುವೆಮನೆಗಳಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲಿ ಮುಚ್ಚಿದಳೋ ಈ ಶ್ರಾವಣವೆಲ್ಲ. ಮುರಳಿ ಕಂಬಿಯನ್ನು ಬಿಗಿಯಾಗಿ ಹಿಡಿದ. ಹೊಳೆ ದಾಟಿತು, ಮೆಕ್ಕೆಜೋಳದ ಹೊಲ ಬಂತು, ಹೋಯಿತು. ಅಣ್ಣ ಒಮ್ಮೆ, "ಮುರಳಿ, ಸಂಜೆ ದೀಪಕ್ಕೆ ಯಾರು?" ಎಂದ. ಮುರಳಿಗೆ ಕೇಳಿಸದವನಂತೆ ಇರಲು ಆಗಲಿಲ್ಲ. "ನಂಜಪ್ಪನೋರಿಗೆ ಹೇಳಿ ಬಂದಿದೀನಿ, ಹಚ್ಚಿಡ್ತಾರೆ ಅಣ್ಣ" ಎಂದ.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು. ದೀಪ ಹಿಡಿದು ನೋಡಿ, ಅಣ್ಣನ ಕೈಯನ್ನೂ ಕುತ್ತಿಗೆಯನ್ನೂ ನೋಡಿ, ಹುಬ್ಬು ಗಂಟಿಕ್ಕಿದರು. "ಏನು ತಗುಲಿತು? ಆಸಿಡ್ಡಾ? ಸುಣ್ಣವಾ? ಗೊತ್ತಾಗದೆ ಔಷಧಿ ಹಾಕೋಕೆ ಆಗಲ್ಲ." ಅಣ್ಣ ಗೊತ್ತಿಲ್ಲ ಎಂದ. ರಂಗನಾಯಕಿ, "ಕೈಯಲ್ಲಿರೋ ರೋಗವೇ ಕಣ್ಣಿಗೂ ಬಂದಿದೆಯೇನೋ" ಎನ್ನುತ್ತ ಅಳತೊಡಗಿದಳು. ಮುರಳಿ ಒಂದು ಹೆಜ್ಜೆ ಮುಂದೆ ಬಂದ. "ಹುಳ" ಎಂದ. ಧ್ವನಿ ಹೊರಡದೆ ಮತ್ತೆ ಹೇಳಿದ. "ಹುಳ ಡಾಕ್ಟ್ರೇ. ಬ್ಲಿಸ್ಟರ್ ಬೀಟಲ್. ದಾಸವಾಳದಲ್ಲಿ ಕೂತಿರತ್ತೆ. ಹೊಸಕಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದಾರೆ. ಕೈ ಮೇಲಿರೋದೂ ಅದೇ." ಡಾಕ್ಟರ ಮುಖ ಸಡಿಲವಾಯಿತು. "ಸದ್ಯ, ಹೇಳಿದ್ರಿ" ಎಂದು ಎದ್ದು, ಮತ್ತೆ ಬಹಳ ಹೊತ್ತು ಕಣ್ಣು ತೊಳೆದು, ಹನಿ ಹಾಕಿ, ಹತ್ತಿಯಿಟ್ಟು ಕಟ್ಟಿದರು. ಕರಿಗುಡ್ಡೆಯ ಮೇಲೆ ಗಾಯವಾಗಿದೆ, ಮಾಯುತ್ತದೆ, ದೃಷ್ಟಿ ಸ್ವಲ್ಪ ಮಸುಕು ಉಳಿಯಬಹುದು, ಈಗಲೇ ಹೇಳಲಾಗದು ಎಂದರು. ಚರ್ಮದ್ದು ರೋಗವೇ ಅಲ್ಲ, ಹುಳ ಮುಟ್ಟದಿದ್ದರೆ ತಾನೇ ಹೋಗುತ್ತದೆ, ಯಾರಿಗೂ ಅಂಟುವುದಿಲ್ಲ. "ಎಣ್ಣೆ ಹಾಕಿದವರು ಯಾರು? ಹಾಕಬಾರದಿತ್ತು. ಈ ವಿಷ ಎಣ್ಣೇಲಿ ಇನ್ನೂ ಹರಡತ್ತೆ." ರಂಗನಾಯಕಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಅಣ್ಣ ಮಾತ್ರ ಮಂಚದ ಮೇಲಿಂದ ಕೈ ಚಾಚಿ, ಗಾಳಿಯಲ್ಲಿ ತಡಕಾಡಿ, ಮುರಳಿಯ ಕೈ ಹಿಡಿದುಕೊಂಡ. "ರೋಗ ಅಲ್ಲವಂತೆ ಕಣೋ. ರೋಗ ಅಲ್ಲವಂತೆ" ಎಂದು ಎರಡೆರಡು ಸಲ ಹೇಳಿ ನಕ್ಕ. ಆ ಒಡೆದ ಕೈಯ ಬಿಸಿಯಿಂದ ತನ್ನ ಕೈಯನ್ನು ಬಿಡಿಸಿಕೊಳ್ಳಲು ಮುರಳಿಗೆ ಧೈರ್ಯವಾಗಲಿಲ್ಲ.

ಔಷಧಿ ಅಂಗಡಿಯ ಮುಂದೆ ಕಾಯುವಾಗ ರಂಗನಾಯಕಿ ಅವನ ಪಕ್ಕಕ್ಕೆ ಬಂದು ನಿಂತಳು. ರಸ್ತೆಯ ಕಡೆಗೇ ನೋಡುತ್ತ ಕೇಳಿದಳು. "ನಿಂಗೆ ಯಾವಾಗ ಗೊತ್ತಾಯ್ತು?" ಒಂದು ಆಟೋ ಹಾದುಹೋಗುವವರೆಗೆ ಅವನಿಗೆ ಸಮಯ ಸಿಕ್ಕಿತು. "ಇವತ್ತೇ ಅತ್ತಿಗೆ. ಡಾಕ್ಟರು ಕೇಳಿದ ಕೂಡಲೇ ಹೊಳೀತು" ಎಂದ. "ಎಣ್ಣೆ ಬೇಡ ಅಂತ ಮನೇಲೇ ಕಿತ್ತುಕೊಂಡೆಯಲ್ಲ" ಎಂದಳು, ಬಹಳ ಮೆಲ್ಲಗೆ. ಆಮೇಲೆ ಔಷಧಿಯ ಪೊಟ್ಟಣ ತೆಗೆದುಕೊಂಡು, ಗಂಡನ ಹತ್ತಿರ ಹೋಗಿ, ಅವನ ತೋಳು ಹಿಡಿದು ಮೆಟ್ಟಿಲಿಳಿಸಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಸೆರಗು ಹೊದಿಸಲಿಲ್ಲ. ಅಣ್ಣನ ಕೈ ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಕಂಬಿಯ ಮೇಲೆ ಇತ್ತು.

ಊರಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅಣ್ಣನ ಮನೆಯ ಜಗಲಿಯಲ್ಲಿ ಜನ ಸೇರಿದ್ದರು. ನಂಜಪ್ಪನವರು ಎಲ್ಲ ಕೇಳಿ, ಹಣೆ ಚಚ್ಚಿಕೊಂಡು ಅಣ್ಣನ ಮುಂದೆ ನಿಂತರು. "ನನ್ ಬಾಯ್ಗಿಷ್ಟು ಮಣ್ ಆಕ. ಒಂದು ಉಳದ್ ದೆಸೆಯಿಂದ ನಿಮ್ಮುನ್ನ ಒರಗ್ ಕೂರಿಸ್ದೆನಲ್ಲ ಸಾಮಿ! ಚೌತಿ ಪೂಜೆ ನೀವೇ ಮಾಡ್ಬೇಕು, ಕಣ್ ಕಟ್ಕಂಡೇ ಮಾಡಿ." ಆಮೇಲೆ ಮುರಳಿಯ ಕಡೆ ತಿರುಗಿ ಅವನ ಎರಡೂ ಭುಜ ಹಿಡಿದರು. "ಓದಿದ್ರೆ ನಿಮ್ಮಂಗ್ ಓದ್ಬೇಕು ಮೇಷ್ಟ್ರೇ. ಅಣ್ಣನ್ ಕಣ್ಣು ಉಳುಸ್ಕಂಡ್ಬುಟ್ರಿ." ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಯಾರೋ ಅವನಿಗೆ ಕಾಫಿ ತಂದುಕೊಟ್ಟರು. ಒಳಬಾಗಿಲಲ್ಲಿ ರಂಗನಾಯಕಿ ನಿಂತಿದ್ದಳು. ಅವಳು ಏನಾದರೂ ಅಂದುಬಿಡಲಿ ಎಂದು ಕಾದ. ಅವಳು ಒಳಗೆ ಹೋದಳು. ಕಾಫಿ ಬಿಸಿಯಾಗಿತ್ತು. ಬಾಯಿ ಸುಟ್ಟುಕೊಂಡು ಗಟಗಟನೆ ಕುಡಿದ.

ಗೌರಿಯ ದಿನ ಬೆಳಗಿನ ಜಾವ ಮುರಳಿ ಹಳೆ ಬೇಸಿನ್ನಿನಲ್ಲಿ ಬಟ್ಟೆ ಸೋಪಿನ ನೀರು ಕಲಸಿಕೊಂಡು ತೋಟಕ್ಕೆ ಹೋದಾಗ ಅಣ್ಣ ಆಗಲೇ ಬಂದಿದ್ದ. ಒಂದು ಕಣ್ಣಿಗೆ ಬಿಳಿ ಪಟ್ಟಿ, ಇಂದು ತೋಳು ಮುಚ್ಚುವಂತೆ ಹಳೆ ಅಂಗಿ. "ಹೇಗೆ ಅಂತ ತೋರಿಸು" ಎಂದ. ಮುರಳಿ ತೋರಿಸಿದ. ಇಬ್ಬನಿ ಆರುವ ಮೊದಲು ಬರಬೇಕು, ಚಳಿಗೆ ಅವು ಮಂಕಾಗಿರುತ್ತವೆ, ಹಾರುವುದಿಲ್ಲ. ಬೇಸಿನ್ನು ಹೂವಿನ ಕೆಳಗೆ ಹಿಡಿಯಬೇಕು. ಬೆರಳಿಂದ ಮುಟ್ಟದೆ, ತೊಟ್ಟಿನ ಮೇಲೆ ಕಡ್ಡಿಯಿಂದ ತಟ್ಟಬೇಕು. ಹೆದರಿದರೆ ಕಾಲು ಮಡಚಿಕೊಂಡು ತಾವಾಗೇ ಬೀಳುತ್ತವೆ, ಸೋಪಿನ ನೀರಿನಿಂದ ಮೇಲೇಳಲಾರವು. ಹೊಸಕಬಾರದು, ಎಂದಿಗೂ ಹೊಸಕಬಾರದು. ಅಣ್ಣ ತಟ್ಟಿದ. ಎರಡು ಪಟ್ಟೆ ಹುಳಗಳು ನೀರಿಗೆ ಬಿದ್ದು ಸುತ್ತಿದವು. "ಇಷ್ಟೇನಾ!" ಎಂದು ಅಣ್ಣ ಬೆರಗಾಗಿ ಅವನ್ನೇ ನೋಡಿದ. ಇಬ್ಬರೂ ಮುಂದಿನ ಗಿಡಕ್ಕೆ ಸರಿದರು. ಇಷ್ಟೇನಾ ಎಂಬ ಮಾತು ಮುರಳಿಯ ಕಿವಿಯಲ್ಲಿ ಸುತ್ತತೊಡಗಿತು, ಆ ಹುಳಗಳ ಹಾಗೆಯೇ ಮೇಲೇಳಲಾರದೆ. ಇನ್ನೊಂದು ಗಿಡ ಕಳೆಯಲಿ ಎಂದುಕೊಂಡ. ಕಳೆಯಿತು. ಇನ್ನೊಂದು. ಆಮೇಲೆ ಬೇಸಿನ್ನನ್ನು ಹೂವಿನ ಕೆಳಗೆ ಹಿಡಿದುಕೊಂಡೇ ಹೇಳಿದ.

"ಅಣ್ಣ, ನಂಗೆ ಮೊದಲನೇ ದಿನವೇ ಗೊತ್ತಿತ್ತು. ಜಗಲಿ ಮೇಲೆ ನೀನು ಕೈ ತೋರಿಸಿದಾಗಲೇ."

ಅಣ್ಣನ ಕಡ್ಡಿ ಹೂವಿನ ಹತ್ತಿರ ನಿಂತಿತು. ಅವನು ತಿರುಗಲಿಲ್ಲ. ಪಟ್ಟಿ ಕಟ್ಟಿದ ಕಣ್ಣಿನ ಮಗ್ಗುಲು ಮಾತ್ರ ಮುರಳಿಗೆ ಕಾಣುತ್ತಿತ್ತು, ಅದರಲ್ಲಿ ಓದಲು ಏನೂ ಇರಲಿಲ್ಲ. ಆಮೇಲೆ ಕಡ್ಡಿ ತಟ್ಟಿತು. ಹುಳ ಬಿತ್ತು. ಇನ್ನೊಂದು ಹೂವು. ಇನ್ನೊಂದು.

"ಒಳಗೆ ಹೇಗಿತ್ತೋ?" ಅಣ್ಣ ಕೇಳಿದ.

ಮುರಳಿಗೆ ಪ್ರಶ್ನೆ ಅರ್ಥವಾಗಲು ತಡವಾಯಿತು. ಬೈಗುಳಕ್ಕೆ, ಏಟಿಗೆ ಕೂಡ, ಮೈ ಅಣಿಮಾಡಿಕೊಂಡು ನಿಂತಿದ್ದ. "ಚೆನ್ನಾಗಿತ್ತು" ಎಂದ.

"ಹೂಂ" ಎಂದ ಅಣ್ಣ. "ನಂಗೂ ಹಾಗೇ ಇತ್ತು. ಎಂಟು ವರ್ಷದವನಾದಾಗಿನಿಂದ." ಬುಟ್ಟಿಯೊಳಗಿನ ಹೂಗಳನ್ನು ಒಮ್ಮೆ ಅಲ್ಲಾಡಿಸಿ ಸರಿಮಾಡಿಕೊಂಡ. "ಕೇಳಿದ್ದರೆ ಒಂದು ಚೌತಿ ಬಿಟ್ಟುಕೊಡ್ತಿದ್ದೆ ಕಣೋ. ನೀನು ಕೇಳಬಹುದಿತ್ತು." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿರಬಾರದೇ ಎಂದು ಮುರಳಿ ಹಂಬಲಿಸಿದ. "ರಂಗು ರಾತ್ರಿಯೆಲ್ಲ ಅತ್ತಳು. ನನ್ನ ಕೈಯಾರೆ ಕಣ್ಣು ಕೆಡಿಸಿದೆ ಅಂತ. ಅವಳಿಗೆ ನಾನು ಏನು ಹೇಳಲಿ?"

ಗುಡಿಯ ಮುಂದೆ ಯಾರೋ ಕಸ ಗುಡಿಸುವ ಸದ್ದು ಬಂತು. ಬೆಳಕು ಹರಿಯುತ್ತಿತ್ತು. ಅಣ್ಣ ಬುಟ್ಟಿ ಎತ್ತಿಕೊಂಡು, ಒಂದೇ ಕಣ್ಣಿನಲ್ಲಿ ದಾರಿಯ ಅಳತೆ ಸಿಕ್ಕದೆ, ಪಾದದಿಂದ ನೆಲ ತಡವಿಕೊಂಡು ಎರಡು ಹೆಜ್ಜೆ ಹೋದ. ನಿಂತ.

"ನಾಳೆಯಿಂದ ನೀನು ಬರಬೇಡ ಮುರಳಿ."

"ತೋಟಕ್ಕೂ?"

"ತೋಟಕ್ಕೂ. ಹೇಗೆ ಅಂತ ತೋರಿಸಿದೆಯಲ್ಲ, ನಾನು ಮಾಡ್ಕೋತೀನಿ." ಬಾವಿಯ ಕಡೆ ಕೈ ತೋರಿಸಿ ಹೇಳಿದ. "ಇವತ್ತು ಈ ಸಾಲು ಮುಗಿಸಿ ಹೋಗು. ಆ ಕೊನೇದೆಲ್ಲ ನಂಗೆ ಸರಿಯಾಗಿ ಕಾಣಲ್ಲ."

ಗುಡಿಯ ಹಿತ್ತಲ ಬಾಗಿಲು ತೆರೆದುಕೊಂಡಿತು, ಹಾಕಿಕೊಂಡಿತು. ಮುರಳೀಕೃಷ್ಣ ಬೇಸಿನ್ನನ್ನು ಮುಂದಿನ ಹೂವಿನ ಕೆಳಗೆ ಹಿಡಿದು, ತೊಟ್ಟಿನ ಮೇಲೆ ಮೆಲ್ಲಗೆ ತಟ್ಟಿದ. ಸಾಲು ಬಾವಿಯವರೆಗೂ ಇತ್ತು. ಬಿಸಿಲು ಏರಿ ಹುಳಗಳು ಹಾರತೊಡಗುವ ಮೊದಲು ಮುಗಿಸಬೇಕಿತ್ತು. ಅವನು ಬೇಗಬೇಗ ತಟ್ಟತೊಡಗಿದ.